ಮಳೆ ಹಿಂದೆ ಸರಿಯುವಾಗ ಕರಾವಳಿಯಲ್ಲಿ ಹಕ್ಕಿ ನೋಡುವ ಬಗೆ

ಕರಾವಳಿಯ ಶರದೃತು ಎಲೆ ಉದುರಿಸಿ ತನ್ನ ಬರವನ್ನು ಸಾರುವುದಿಲ್ಲ. ಸೆಪ್ಟೆಂಬರ್ ನಡುವಿಗೆ ಮಳೆಯ ಅಬ್ಬರ ಇಳಿಯುತ್ತದೆ. ಅಕ್ಟೋಬರಿನಲ್ಲಿ ಬಿಸಿಲು ನೆತ್ತಿ ಸುಡುತ್ತದೆ, ಸಂಜೆಗೆ ಘಟ್ಟದ ಕಡೆಯಿಂದ ಗುಡುಗು ಕೇಳಿಸಿ ಒಂದು ಜೋರು ಮಳೆ ಬಿದ್ದು ಹೋಗುತ್ತದೆ. ಕಾರ್ತಿಕದ ಹೊತ್ತಿಗೆ ಬೆಳಗಿನ ಹುಲ್ಲಿನಲ್ಲಿ ಇಬ್ಬನಿ ಕೂರುತ್ತದೆ. ಮರಗಳು ಮಾತ್ರ ಹಸಿರಾಗಿಯೇ ಇರುತ್ತವೆ. ಋತು ತಿರುಗಿದ್ದು ತಿಳಿಯಬೇಕಾದರೆ ಅಳಿವೆಯ ಕೆಸರನ್ನೂ ಕರೆಂಟಿನ ತಂತಿಯನ್ನೂ ಹಿತ್ತಿಲಿನ ಬಾವಿಕಟ್ಟೆಯನ್ನೂ ನೋಡಬೇಕು. ಬರಿದಾಗಿದ್ದ ತಂತಿಯ ಮೇಲೆ ಕವಲುತೋಕೆಗಳ ಸಾಲು ಕೂರುತ್ತದೆ, ಬಟ್ಟೆ ಒಗೆಯುವ ಕಲ್ಲಿನ ಬಳಿ ಬೂದು ಸಿಪಿಲೆ ಬಾಲ ಕುಣಿಸುತ್ತದೆ, ಕೆಸರಿನ ಮೇಲೆ ಸೈಬೀರಿಯಾದಿಂದಲೋ ಮಧ್ಯ ಏಷ್ಯಾದಿಂದಲೋ ಬಂದ ಗೊರವಗಳೆಂಬ ದಂಡೆಯ ಹಕ್ಕಿಗಳು ಓಡಾಡುತ್ತವೆ.

ಮಂಗಳೂರಿನಿಂದ ಕಾರವಾರದವರೆಗೆ ಕಡಲಿಗೆ ಹತ್ತಿರವಿರುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಒಂದು ಅಳಿವೆ, ಒಂದು ಹಿತ್ತಿಲು, ಸೆಪ್ಟೆಂಬರಿನಿಂದ ನವೆಂಬರಿನವರೆಗಿನ ಮೂರು ತಿಂಗಳು ಸಾಕು. ಅಪರೂಪದ ಹಕ್ಕಿ ಎಲ್ಲೋ ಕಂಡಿತೆಂಬ ಸುದ್ದಿ ಕೇಳಿ ನೂರು ಕಿಲೋಮೀಟರ್ ಗಾಡಿ ಓಡಿಸುವವರಿದ್ದಾರೆ. ಅವರ ಉತ್ಸಾಹಕ್ಕೆ ನನ್ನ ತಕರಾರಿಲ್ಲ, ಆದರೆ ಹೊಸಬರಿಗೆ ಆ ದಾರಿ ಬೇಡ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದವರಿಗೆ ಮಾತ್ರ ಯಾವುದು ಹೊಸದಾಗಿ ಬಂತು, ಯಾವುದು ಹೊರಟುಹೋಯಿತು ಎಂಬುದು ಕಾಣುತ್ತದೆ.

ಮೊದಲು ಜಾಗ

ಉದ್ದನೆಯ ಮರಳಿನ ಬೇಲೆ ನೋಡಲು ಚೆಂದ, ಹಕ್ಕಿಗೆ ಬಡ. ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಹಾಗಲ್ಲ. ಮಳೆಗಾಲವಿಡೀ ಹೊಳೆ ತಂದು ಸುರಿದ ಮೆಕ್ಕಲಿನಲ್ಲಿ ಹುಳ, ಏಡಿ, ಸೀಗಡಿ, ಬಳಚು ಎಲ್ಲವೂ ತುಂಬಿರುತ್ತವೆ. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಫಲ್ಗುಣಿ ಸೇರುವ ಅಳಿವೆ, ಉಡುಪಿ ಕಡೆಯ ಕೋಡಿ ಬೆಂಗ್ರೆ, ಹೊನ್ನಾವರದ ಶರಾವತಿ, ಕುಮಟಾದ ಬಳಿಯ ಅಘನಾಶಿನಿ, ಕಾರವಾರದ ಕಾಳಿ, ಇವುಗಳಲ್ಲಿ ನಿಮಗೆ ಹತ್ತಿರವಾದದ್ದೇ ನಿಮಗೆ ಒಳ್ಳೆಯದು. ನನ್ನನ್ನು ಕೇಳಿದರೆ ಅಘನಾಶಿನಿಗೆ ಒಂದು ಅಂಕ ಹೆಚ್ಚು ಕೊಡುತ್ತೇನೆ. ಅಣೆಕಟ್ಟಿಲ್ಲದೆ ಹರಿಯುವ ಹೊಳೆ ಅದು; ಕೆಸರು ಬಯಲು, ಕಾಂಡ್ಲಾ ವನ, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು ಒಂದರ ಪಕ್ಕ ಒಂದಿವೆ. 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೂ ಸೇರಿತು.

ಜಾಗ ಗೊತ್ತಾದ ಮೇಲೆ ಬರಿಗೈಯಲ್ಲಿ ಒಂದು ಸಲ ಸುತ್ತಿ ಬನ್ನಿ. ಕೆಸರು ಎಲ್ಲಿ ತೆರೆದುಕೊಳ್ಳುತ್ತದೆ, ಮರಳ ದಿಣ್ಣೆ ಎಲ್ಲಿದೆ, ಕಾಂಡ್ಲಾ ಗಿಡಗಳ ಅಂಚು ಎಲ್ಲಿ, ದೋಣಿಗಳು ಮೀನು ಇಳಿಸುವುದು ಎಲ್ಲಿ ಎಂದು ನೋಡಿಕೊಳ್ಳಿ. ಬಳಚು ಹೆಕ್ಕುವವರನ್ನೂ ಬಲೆ ಹಾಕುವವರನ್ನೂ ಮಾತನಾಡಿಸಿ. ಯಾವ ಕೆಸರಿನಲ್ಲಿ ಮೊಣಕಾಲಿನವರೆಗೆ ಹೂತುಹೋಗುತ್ತದೆ, ನೀರು ಏರುವಾಗ ಯಾವ ದಿಣ್ಣೆಯ ಹಿಂದಿನಿಂದ ಸುತ್ತಿಕೊಂಡು ಬರುತ್ತದೆ ಎಂಬುದು ಅವರಿಗೆ ಗೊತ್ತು, ನಕ್ಷೆಗೆ ಗೊತ್ತಿಲ್ಲ. ದಿಣ್ಣೆಯ ಮೇಲೆ ನಿಂತು ಹಕ್ಕಿ ನೋಡುತ್ತ ಮೈಮರೆತವರನ್ನು ದೋಣಿಯಲ್ಲಿ ಕರೆತರಬೇಕಾಗುವುದುಂಟು. ನೀರು ಏರುವ ಹೊತ್ತಿನಲ್ಲಿ ದಂಡೆಯಿಂದ ಬೇರೆಯಾದ ಯಾವ ದಿಣ್ಣೆಗೂ ಹೋಗಬೇಡಿ.

ಗಡಿಯಾರ ಬದಿಗಿಟ್ಟು ತಿಥಿ ನೋಡಿ

ಬೆಳಗ್ಗೆ ಬೇಗ ಏಳಿ ಎಂಬ ಸಲಹೆ ಕಾಡಿನ ಹಕ್ಕಿಗೆ ಸರಿ. ಅಳಿವೆಯ ಹಕ್ಕಿಗೆ ಹಗಲು ರಾತ್ರಿಗಿಂತ ಉಬ್ಬರ ಇಳಿತವೇ ದೊಡ್ಡದು. ನೀರು ಇಳಿದಾಗ ಉಣ್ಣುತ್ತವೆ, ಏರಿದಾಗ ಒಂಟಿಕಾಲಲ್ಲಿ ನಿಂತು ನಿದ್ದೆ ಮಾಡುತ್ತವೆ. ಇಳಿತ ನಡುರಾತ್ರಿಗೆ ಬಂದರೆ ನಡುರಾತ್ರಿಯಲ್ಲೇ ಊಟ.

ಲೆಕ್ಕ ಸರಳ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆ. ಪ್ರತಿದಿನವೂ ಇದು ಸುಮಾರು 50 ನಿಮಿಷ ಹಿಂದೆ ಬೀಳುತ್ತ ಹೋಗುತ್ತದೆ. ಏಳು ದಿನಕ್ಕೆ ಹೆಚ್ಚುಕಡಿಮೆ ಆರು ಗಂಟೆಯಾಯಿತು. ಅಂದರೆ ಈ ಭಾನುವಾರ ಬೆಳಗ್ಗೆ ಏಳಕ್ಕೆ ಕೆಸರು ತೆರೆದಿದ್ದು ಹಕ್ಕಿ ಕಿಕ್ಕಿರಿದಿದ್ದರೆ, ಮುಂದಿನ ಭಾನುವಾರ ಅದೇ ಹೊತ್ತಿಗೆ ಬರಿ ನೀರು ಕಾಣುತ್ತದೆ. ಅದರ ಮುಂದಿನ ಭಾನುವಾರ ಮತ್ತೆ ಕೆಸರು. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಹೋಗಿ 'ಇಲ್ಲಿ ಹಕ್ಕಿಗಳು ನಂಬಿಕಸ್ಥವಲ್ಲ' ಎಂದು ಬೇಸರಿಸಿಕೊಳ್ಳುವವರು ಈ ಲೆಕ್ಕವನ್ನು ಮರೆತಿರುತ್ತಾರೆ. ಉಬ್ಬರ ಚಂದ್ರನ ಲೆಕ್ಕದಲ್ಲಿ ನಡೆಯುವುದರಿಂದ ಒಂದು ತಿಥಿಗೆ ಯಾವ ಹೊತ್ತು ಸಿಕ್ಕಿತೋ ಮುಂದಿನ ಪಕ್ಷದ ಅದೇ ತಿಥಿಗೂ ಹೆಚ್ಚುಕಡಿಮೆ ಅದೇ ಹೊತ್ತು. ಮೀನುಗಾರರು ತಿಥಿ ನೋಡಿ ಭರತ ಇಳಿತ ಹೇಳುವುದು ಇದರಿಂದಲೇ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ತುಂಬ ಏರಿ ತುಂಬ ಇಳಿಯುತ್ತದೆ, ಅಷ್ಟಮಿಯ ಸುತ್ತ ಏರಿಳಿತ ಕಡಿಮೆ. ನಿಖರ ಸಮಯ ಬೇಕಿದ್ದರೆ ಮಂಗಳೂರು ಮತ್ತು ಕಾರವಾರ ಬಂದರುಗಳ ಉಬ್ಬರ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಒಂದು ಎಚ್ಚರ: ಆ ಸಮಯ ಕಡಲ ಬಾಯಿಯದು. ಹೊಳೆಯಲ್ಲಿ ಒಳಗೆ ಹೋದಷ್ಟೂ ಉಬ್ಬರ ತಡವಾಗಿ ಮುಟ್ಟುತ್ತದೆ. ನಿಮ್ಮ ಜಾಗಕ್ಕೆ ಎಷ್ಟು ತಡ ಎಂದು ಒಂದೆರಡು ಸಲ ನೋಡಿ ಬರೆದಿಟ್ಟುಕೊಳ್ಳಿ.

ಇನ್ನು ಯಾವ ಹೊತ್ತಿಗೆ ಹೋಗಬೇಕು? ಪೂರ್ತಿ ಇಳಿತದಲ್ಲಿ ಕೆಸರು ಬಯಲು ಎಷ್ಟು ದೊಡ್ಡದಾಗುತ್ತದೆಂದರೆ ಹಕ್ಕಿಗಳು ಅಲ್ಲಲ್ಲಿ ಚದುರಿ ದೂರದ ಚುಕ್ಕಿಗಳಾಗುತ್ತವೆ. ಪೂರ್ತಿ ಉಬ್ಬರಕ್ಕೆ ಎರಡು ಮೂರು ಗಂಟೆ ಮೊದಲೇ ಹೋಗಿ ದಂಡೆಯಲ್ಲಿ ಕುಳಿತುಬಿಡಿ. ಏರುವ ನೀರು ಕೆಸರನ್ನು ನುಂಗುತ್ತ ಬಂದಂತೆ ಹಕ್ಕಿಗಳು ತಾವಾಗಿಯೇ ನಿಮ್ಮ ಕಡೆ ಸರಿಯುತ್ತವೆ. ನೀವು ಅವುಗಳ ಕಡೆ ನಡೆದರೆ ಹಾರುತ್ತವೆ, ನೀರು ತಳ್ಳಿದರೆ ಬರುತ್ತವೆ.

ನಮ್ಮ ಕಡಲು ಪಶ್ಚಿಮಕ್ಕಿರುವುದೂ ಲೆಕ್ಕಕ್ಕೆ ಬರುತ್ತದೆ. ಬೆಳಗ್ಗೆ ಕಡಲಿನತ್ತ ಮುಖ ಮಾಡಿದರೆ ಸೂರ್ಯ ಬೆನ್ನಿಗೆ, ಕಾಲಿನ ಬಣ್ಣ ಕೊಕ್ಕಿನ ಬಣ್ಣ ಎಲ್ಲ ಸ್ಪಷ್ಟ. ಸಂಜೆ ಅದೇ ಜಾಗದಲ್ಲಿ ಎಲ್ಲ ಹಕ್ಕಿಯೂ ಕಪ್ಪು ನೆರಳು. ಹಾಗಾಗಿ ಬೆಳಗ್ಗೆ ಒಂಬತ್ತು ಹತ್ತರ ಸುಮಾರಿಗೆ ಉಬ್ಬರವಿರುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ತಿಂಗಳಿಗೆ ಎರಡು ಸಲ ಅಂಥ ನಾಲ್ಕೈದು ದಿನ ಸಿಗುತ್ತವೆ. ಉಳಿದ ದಿನಗಳನ್ನು ಹಿತ್ತಿಲಿಗೆ ಬಿಡಿ.

ದುರ್ಬೀನು

ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 32ರಿಂದ 42 ಮಿಲಿಮೀಟರ್ ಇರುವ ದುರ್ಬೀನು ಸಾಕು. ಹತ್ತು ಹನ್ನೆರಡು ಪಟ್ಟಿನದು ಅಂಗಡಿಯಲ್ಲಿ ಆಸೆ ಹುಟ್ಟಿಸುತ್ತದೆ, ಕಡಲ ಗಾಳಿಯಲ್ಲಿ ಕೈ ನಡುಗಿದಾಗ ತೊಂದರೆ ಕೊಡುತ್ತದೆ. ಮಸೂರದ ಮೇಲೆ ಉಪ್ಪಿನ ಪುಡಿ ಕೂತಿರುವಾಗ ಅಂಗಿಯ ತುದಿಯಿಂದ ಒರೆಸಿದರೆ ಗೀರು ಬೀಳುತ್ತದೆ. ಮೊದಲು ಊದಿ, ಆಮೇಲೆ ಮೃದು ಬಟ್ಟೆ. ಕರಾವಳಿಯ ತೇವಕ್ಕೆ ಮಸೂರದೊಳಗೆ ಬೂಷ್ಟು ಬೆಳೆಯುವುದು ಖಚಿತ, ಆದ್ದರಿಂದ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಿ. ಚರ್ಮದ ಚೀಲದಲ್ಲಿ ಇಟ್ಟರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ.

ನಡಿಗೆ ಮೊದಲು, ಬಣ್ಣ ಆಮೇಲೆ

ಹೊಸಬರು ಹೆದರುವುದು ಇಲ್ಲೇ. ಇನ್ನೂರು ಹಕ್ಕಿಗಳು ಎದುರಿಗೆ, ಎಲ್ಲವೂ ಮೇಲೆ ಬೂದು, ಕೆಳಗೆ ಬಿಳಿ. ಗೊರವ ಎಂಬ ಒಂದೇ ಹೆಸರಿನಡಿ ಅಷ್ಟನ್ನೂ ಸೇರಿಸಿ ಎದ್ದು ಬರುವ ಮನಸ್ಸಾಗುತ್ತದೆ. ಅವು ತಮ್ಮ ತವರಿನಲ್ಲಿ ತೊಟ್ಟಿದ್ದ ಕೆಂಪು, ಕಪ್ಪು, ಕಂದು ಬಣ್ಣಗಳನ್ನು ಕಳಚಿ ಬಂದಿರುತ್ತವೆ. ಆಗಸ್ಟ್ ಕೊನೆಗೆ, ಸೆಪ್ಟೆಂಬರ್ ಮೊದಲಿಗೆ ಹೋದರೆ ಸ್ಯಾಂಡ್ ಪ್ಲವರ್ ಎಂಬ ಕೆಲವು ಪುಟ್ಟ ಹಕ್ಕಿಗಳ ಎದೆಯಲ್ಲಿ ಇಟ್ಟಿಗೆ ಬಣ್ಣದ ಅರೆಬರೆ ಪಟ್ಟಿ ಇನ್ನೂ ಉಳಿದಿರುತ್ತದೆ.

ಬಣ್ಣದ ಗೋಜಿಗೆ ಹೋಗದೆ ಅದು ಹೇಗೆ ಉಣ್ಣುತ್ತಿದೆ ಎಂದು ನೋಡಿ. ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಒಂದು ಸಲ ಕುಕ್ಕಿ, ಮತ್ತೆ ಓಡುತ್ತಿದ್ದರೆ ಅದು ಪ್ಲವರ್. ಕಣ್ಣು ದೊಡ್ಡದು, ಕೊಕ್ಕು ಗಿಡ್ಡ, ಕಣ್ಣಿನಿಂದ ಬೇಟೆಯಾಡುವ ಹಕ್ಕಿ. ತಲೆ ತಗ್ಗಿಸಿಕೊಂಡು ಕೆಸರಿನಲ್ಲಿ ಕೊಕ್ಕನ್ನು ಸತತವಾಗಿ ಚುಚ್ಚುತ್ತ ಹೋಗುತ್ತಿದ್ದರೆ ಅದು ಸ್ಯಾಂಡ್‌ಪೈಪರ್ ಬಳಗದ್ದು. ಅದು ಕೊಕ್ಕಿನ ತುದಿಯ ಸ್ಪರ್ಶದಿಂದ ಹುಳ ಹುಡುಕುತ್ತದೆ. ಈ ಒಂದು ಭೇದ ಕಣ್ಣಿಗೆ ಕೂತರೆ ಅರ್ಧ ಕೆಲಸ ಮುಗಿಯಿತು.

ಆಮೇಲೆ ಒಂದೊಂದಾಗಿ ಬಿಡಿಸಿ. ಪ್ಲವರ್‌ಗಳಲ್ಲಿ ಕತ್ತಿನ ಹಿಂದೆ ಬಿಳಿ ಪಟ್ಟಿ ಪೂರ್ತಿ ಸುತ್ತಿದ್ದರೆ ಕೆಂಟಿಷ್ ಪ್ಲವರ್, ಪಟ್ಟಿಯಿಲ್ಲದೆ ಎದೆಯ ಅಕ್ಕಪಕ್ಕ ಬೂದು ತೇಪೆ ಇದ್ದರೆ ಸ್ಯಾಂಡ್ ಪ್ಲವರ್. ಚುಚ್ಚುವವುಗಳಲ್ಲಿ ಕಾಲು ಕಿತ್ತಳೆಗೆಂಪು, ಹಾರಿದಾಗ ರೆಕ್ಕೆಯ ಹಿಂಬದಿಯಲ್ಲಿ ಅಗಲ ಬಿಳಿ ಅಂಚು ಕಂಡರೆ ರೆಡ್‌ಶ್ಯಾಂಕ್. ಅದು ದಂಡೆಯ ಚೌಕಿದಾರ. ನೀವು ಬಂದದ್ದನ್ನು ಮೊದಲು ಕಂಡು ಕೂಗಿ ಎಲ್ಲರನ್ನೂ ಎಬ್ಬಿಸುತ್ತದೆ. ಹಸಿರು ಛಾಯೆಯ ಕಾಲು, ಸ್ವಲ್ಪ ಮೇಲಕ್ಕೆ ಬಾಗಿದ ಕೊಕ್ಕು ಇದ್ದರೆ ಗ್ರೀನ್‌ಶ್ಯಾಂಕ್. ಕೊಕ್ಕು ಕೆಳಕ್ಕೆ ಕುಡುಗೋಲಿನಂತೆ ಬಾಗಿರುವ ದೊಡ್ಡ ಹಕ್ಕಿಗಳು ಎರಡು: ಕೊಕ್ಕು ತೀರ ಉದ್ದ, ತಲೆ ಸಾದಾ ಇದ್ದರೆ ಕರ್ಲ್ಯೂ; ಕೊಕ್ಕು ಗಿಡ್ಡ, ನೆತ್ತಿಯ ಮೇಲೆ ಪಟ್ಟೆಗಳಿದ್ದರೆ ವಿಂಬ್ರೆಲ್. ಅಲೆ ಹಿಂದೆ ಸರಿದಾಗ ಅದರ ಬೆನ್ನು ಹತ್ತಿ ಓಡಿ, ಮುಂದಿನ ಅಲೆ ಬಂದಾಗ ಕಾಲು ನೆನೆಯದಂತೆ ಓಡಿ ಬರುವ ತೀರ ಬೆಳ್ಳನೆಯ ಪುಟ್ಟ ಹಕ್ಕಿ ಸ್ಯಾಂಡರ್‌ಲಿಂಗ್.

ಮೂರು ತಿಂಗಳಲ್ಲಿ ನೀವು ಅತಿ ಹೆಚ್ಚು ಸಲ ಕಾಣುವುದು ಕಾಮನ್ ಸ್ಯಾಂಡ್‌ಪೈಪರನ್ನು. ಅದು ಗುಂಪಿನಲ್ಲಿ ಬರುವುದಿಲ್ಲ, ಒಂಟಿಯಾಗಿ ಕಲ್ಲುಕಟ್ಟೆಯ ಅಂಚಿನಲ್ಲಿ, ಕಟ್ಟಿಹಾಕಿದ ದೋಣಿಯ ಮೇಲೆ, ತೋಡಿನ ಬದಿಯಲ್ಲಿ ಓಡಾಡುತ್ತ ಹಿಂಭಾಗವನ್ನು ಬಿಡುವಿಲ್ಲದೆ ಮೇಲೆ ಕೆಳಗೆ ಕುಣಿಸುತ್ತದೆ. ಭುಜದ ಬಳಿ ಎದೆಯ ಬಿಳಿ ಬಣ್ಣ ಮೇಲಕ್ಕೆ ಚಾಚಿರುತ್ತದೆ. ಹಾರುವಾಗ ರೆಕ್ಕೆಯನ್ನು ಪೂರ್ತಿ ಎತ್ತದೆ, ಬಿಗಿಯಾಗಿ ಅದುರಿಸುತ್ತ ನೀರಿಗೆ ತಾಗುವಷ್ಟು ಕೆಳಗೆ ಸಾಗುತ್ತದೆ. ಇದೊಂದನ್ನು ಚೆನ್ನಾಗಿ ನೋಡಿ ಕಲಿಯಿರಿ, ಉಳಿದದ್ದನ್ನು ಇದಕ್ಕೆ ಹೋಲಿಸಿ ಅಳೆಯಬಹುದು: ಇದಕ್ಕಿಂತ ದೊಡ್ಡದೇ, ಕಾಲು ಇದಕ್ಕಿಂತ ಉದ್ದವೇ, ಬಾಲ ಕುಣಿಸುತ್ತದೆಯೇ.

ನೆಲ ನೋಡುವುದನ್ನೂ ಮರೆಯಬೇಡಿ. ನೀರು ಇಳಿದ ಮರಳಿನ ಮೇಲೆ ಸಾಸಿವೆಯಿಂದ ಕಡಲೆಯ ಗಾತ್ರದ ಮರಳುಂಡೆಗಳು ಒಂದು ತೂತಿನ ಸುತ್ತ ಕಿರಣಗಳ ಹಾಗೆ ಹರಡಿರುತ್ತವೆ. ಬೆರಳ ಉಗುರಿಗಿಂತ ಚಿಕ್ಕ ಏಡಿ ಮರಳನ್ನು ಬಾಯಿಗೆ ಹಾಕಿ, ಅದಕ್ಕಂಟಿದ ಆಹಾರವನ್ನು ಸೋಸಿಕೊಂಡು, ಉಳಿದದ್ದನ್ನು ಉಂಡೆ ಕಟ್ಟಿ ಬಿಟ್ಟಿರುತ್ತದೆ. ಮುಂದಿನ ಉಬ್ಬರಕ್ಕೆ ಎಲ್ಲ ಅಳಿಸಿ ಹೋಗುತ್ತದೆ. ಉಂಡೆಗಳು ದಟ್ಟವಾಗಿರುವ ಕಡೆ ಸ್ವಲ್ಪ ಕಾದರೆ ಏಡಿ ಹಿಡಿಯುವ ಪ್ಲವರ್‌ಗಳು ಬರುತ್ತವೆ.

ಮೀನಿನ ದಕ್ಕೆಯಲ್ಲಿ ಒಂದು ಗಂಟೆ

ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಆಗಸ್ಟ್‌ನಿಂದ ದಕ್ಕೆಗೆ ಮತ್ತೆ ಜೀವ ಬರುತ್ತದೆ, ಜೊತೆಗೆ ಗರುಡಗಳು, ಹದ್ದುಗಳು, ಬೆಳ್ಳಕ್ಕಿಗಳು. ಅಕ್ಟೋಬರ್ ಕಳೆಯುವಾಗ ಕಡಲಹಕ್ಕಿಗಳ, ಅಂದರೆ ಗಲ್‌ಗಳ, ಗುಂಪು ಸೇರಿಕೊಳ್ಳುತ್ತದೆ. ಕಂದುತಲೆ, ಕರಿತಲೆ ಎಂಬ ಹೆಸರು ಕೇಳಿ ತಲೆಯ ಬಣ್ಣ ಹುಡುಕಬೇಡಿ. ಈ ಋತುವಿನಲ್ಲಿ ಎರಡಕ್ಕೂ ಬಿಳಿ ತಲೆ, ಕಿವಿಯ ಬಳಿ ಒಂದು ಕಪ್ಪು ಚುಕ್ಕಿ. ಹಾರುವಾಗ ರೆಕ್ಕೆಯ ತುದಿ ನೋಡಬೇಕು. ಅಗಲವಾದ ಕಪ್ಪು ತುದಿಯೊಳಗೆ ಬಿಳಿ ಮಚ್ಚೆಗಳಿದ್ದರೆ ಕಂದುತಲೆಯದು, ರೆಕ್ಕೆಯ ಮುಂದಿನ ಅಂಚಿನಲ್ಲಿ ಬಿಳಿಯ ಉದ್ದ ಪಟ್ಟಿ ಇದ್ದರೆ ಕರಿತಲೆಯದು.

ಗೂಟದ ಮೇಲೆ ಸಾಲಾಗಿ ಕೂರುವ ರೀವಗಳಿಗೆ, ಅಂದರೆ ಟರ್ನ್‌ಗಳಿಗೆ, ಕೊಕ್ಕೇ ಗುರುತಿನ ಚೀಟಿ. ಕಿತ್ತಳೆ ಕೊಕ್ಕು ಲೆಸ್ಸರ್ ಕ್ರೆಸ್ಟೆಡ್, ಹಳದಿ ಕೊಕ್ಕು ಗ್ರೇಟರ್ ಕ್ರೆಸ್ಟೆಡ್, ದಪ್ಪ ಕಪ್ಪು ಕೊಕ್ಕು ಗಲ್ ಬಿಲ್ಡ್, ಕೆಂಪು ಭಾರಿ ಕೊಕ್ಕಿನ ದೈತ್ಯ ಕ್ಯಾಸ್ಪಿಯನ್. ಬೂದುನೀಲಿ ಮೈಯ ರೀಫ್ ಹೆರಾನ್ ಬಕ ಬಂಡೆಗಳ ನಡುವೆ ಸಿಗುತ್ತದೆ. ಅದರಲ್ಲಿ ಪೂರ್ತಿ ಬಿಳಿ ಬಣ್ಣದವೂ ಇರುವುದರಿಂದ ಬಂಡೆಯ ಮೇಲಿನ ಪ್ರತಿ ಬಿಳಿ ಹಕ್ಕಿಯನ್ನೂ ಬೆಳ್ಳಕ್ಕಿ ಎಂದು ಬರೆಯುವ ಮೊದಲು ಇನ್ನೊಮ್ಮೆ ನೋಡಿ. ಆಕಾಶದಲ್ಲಿ ರೆಕ್ಕೆಯನ್ನು ಕೊಂಚ ಮೇಲೆತ್ತಿ ತೇಲುವ, ಬೆಣೆಯಾಕಾರದ ಗಿಡ್ಡ ಬಿಳಿ ಬಾಲದ ದೊಡ್ಡ ಹದ್ದು ಕಂಡರೆ ಅದು ಬಿಳಿಹೊಟ್ಟೆಯ ಕಡಲ ಹದ್ದು. ಅಕ್ಟೋಬರ್ ಸುಮಾರಿಗೆ ಅದು ದಂಡೆಯ ಎತ್ತರದ ಮರಗಳಲ್ಲಿ ಹಳೆಯ ಗೂಡನ್ನು ಸರಿಪಡಿಸಲು ತೊಡಗುತ್ತದೆ. ಗೂಡಿನ ಜಾಗ ಗೊತ್ತಾದರೆ ನಿಮ್ಮಲ್ಲೇ ಇಟ್ಟುಕೊಳ್ಳಿ, ಕ್ಯಾಮೆರಾ ಹಿಡಿದವರ ಮೆರವಣಿಗೆ ಬೇಡ.

ಹಿತ್ತಿಲಿನ ಹೊಸ ಬಾಡಿಗೆದಾರರು

ಹಿತ್ತಿಲಿಗೆ ಬೆಳಗಿನ ಆರೂವರೆಯಿಂದ ಎಂಟೂವರೆ ಒಳ್ಳೆಯ ಹೊತ್ತು. ಒಂದು ಕುರ್ಚಿ, ಒಂದು ಲೋಟ ಕಾಫಿ, ಅಲುಗಾಡದ ದೇಹ. ಇಲ್ಲಿ ಕಣ್ಣಿಗಿಂತ ಕಿವಿ ಮುಂದೆ ಓಡುತ್ತದೆ. ಬೇಸಿಗೆಯಿಡೀ ಕಿವಿ ತುಂಬಿದ್ದ ಕೋಗಿಲೆ ಈಗ ಬಾಯಿ ಮುಚ್ಚಿರುತ್ತದೆ. ಮಡಿವಾಳ ಹಕ್ಕಿ ಹಾಡು ನಿಲ್ಲಿಸಿ ಒರಟಾಗಿ ಬೈಯುತ್ತ ಪೊದೆಯೊಳಗೆ ಓಡಾಡುತ್ತದೆ. ಆ ಮೌನದಲ್ಲಿ ಹೊಸ ದನಿಗಳು ಎದ್ದು ಕೇಳುತ್ತವೆ.

ಸೆಪ್ಟೆಂಬರ್ ಕೊನೆಗೆ ಕಾಡುಮಲ್ಲಿಗೆಯ ಪೊದೆಯಲ್ಲೋ ದಾಸವಾಳದಲ್ಲೋ ಯಾರೋ ನಾಲಿಗೆ ಲೊಚಗುಟ್ಟಿದ ಹಾಗೆ 'ಚೆಕ್, ಚೆಕ್' ಎಂದು ಕೇಳಿಸಿದರೆ ಅದು ಬ್ಲೈತ್‌ನ ಉಲಿಯಕ್ಕಿ. ಹಕ್ಕಿ ಮುಖ ತೋರಿಸುವುದೇ ಅಪರೂಪ. ಮಾವಿನ ಮರದ ನೆತ್ತಿಯಿಂದ ಎರಡು ತುಂಡಿನ ಚೂಪಾದ 'ಚ್ಲೀ-ವಿ' ಕೇಳಿದರೆ ಗ್ರೀನಿಷ್ ಉಲಿಯಕ್ಕಿ. ಈ ಎರಡು ದನಿ ಗೊತ್ತಾದವರಿಗೆ ಚಳಿಗಾಲದ ಹಿತ್ತಿಲು ಮತ್ತೆಂದೂ ಖಾಲಿ ಅನಿಸುವುದಿಲ್ಲ. ಗದ್ದೆಯ ಬೇಲಿಯಲ್ಲಿ ಕರಕರ ಗದರುವ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ ಕಂದು ಕಳಿಂಗ ಹಕ್ಕಿಯೂ ಇದೇ ಸುಮಾರಿಗೆ ಬರುತ್ತದೆ. ಅದು ಒಂದು ಜಾಗವನ್ನು ತನ್ನದೆಂದು ಹಿಡಿದುಕೊಂಡರೆ ಬೇಸಿಗೆಯವರೆಗೂ ಬಿಟ್ಟುಕೊಡುವುದಿಲ್ಲ.

ಅಕ್ಟೋಬರ್ ನವರಂಗದ ತಿಂಗಳು. ಹಿಮಾಲಯದ ತಪ್ಪಲು ಮತ್ತು ಮಧ್ಯ ಭಾರತದಲ್ಲಿ ಮರಿ ಮಾಡಿ ದಕ್ಷಿಣಕ್ಕೆ, ಶ್ರೀಲಂಕಾದವರೆಗೂ ಇಳಿಯುವ ಈ ಗಿಡ್ಡ ಬಾಲದ ಬಣ್ಣದ ಹಕ್ಕಿ ರಾತ್ರಿ ಹಾರುತ್ತದೆ, ಬೆಳಗಾದಾಗ ಸಿಕ್ಕಿದ ತೋಟಕ್ಕೆ ಇಳಿಯುತ್ತದೆ. ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಎರಡು ಸ್ವರದ ಜೋರು ಸಿಳ್ಳೆ ಹಾಕುತ್ತದೆ. ಹುಡುಕಬೇಕಾದ ಜಾಗ ಅಡಿಕೆ ತೋಟದ ಅಂಚಿನ ಒದ್ದೆ ತರಗೆಲೆ. ಕೊಂಬೆ ನೋಡುತ್ತ ಕೂತರೆ ಸಿಗದು, ಅದು ನೆಲದಲ್ಲಿ ಕುಪ್ಪಳಿಸುತ್ತ ಎಲೆ ಮಗುಚುತ್ತದೆ. ಅದೇ ದಿನಗಳಲ್ಲಿ ಹೊನ್ನಕ್ಕಿ, ರಾಜಹಕ್ಕಿ, ಕಂದು ನೊಣಹಿಡುಕ ಸಹ ತೋಟಕ್ಕೆ ಬಂದಿಳಿಯುತ್ತವೆ.

ಊರಿನ ಹಕ್ಕಿಗಳೂ ವೇಷ ಬದಲಿಸುತ್ತವೆ. ಕಡುನೀಲಿ ಗಂಡು ಸೂರಕ್ಕಿ ಮರಿ ಮಾಡುವ ಕಾಲ ಮುಗಿಸಿ ಹಳದಿ ಹೊಟ್ಟೆಯ ಹೆಣ್ಣಿನಂತಾಗುತ್ತದೆ, ಗಂಟಲಿನಿಂದ ಹೊಟ್ಟೆಯ ನಡುವಿನವರೆಗೆ ಒಂದು ಕಪ್ಪು ಗೆರೆ ಮಾತ್ರ ಉಳಿಸಿಕೊಳ್ಳುತ್ತದೆ. ಗೋವಕ್ಕಿಯ ತಲೆಯ ಕಿತ್ತಳೆ ಬಣ್ಣ ಹೋಗಿ ಪೂರ್ತಿ ಬಿಳಿಯಾಗುತ್ತದೆ. ನವಿಲು ಗರಿ ಉದುರಿಸಿಕೊಂಡು ಮೊಂಡು ಬಾಲದಲ್ಲಿ ಗದ್ದೆಯಂಚಿನಲ್ಲಿ ಅಡ್ಡಾಡುತ್ತದೆ. ಭತ್ತದ ಕಟಾವು ನಡೆಯುವ ದಿನ ಯಂತ್ರದ ಹಿಂದೆ ನೋಡಿ: ಗೋವಕ್ಕಿ, ಕಾಜಾಣ, ಮೈನಾ, ಹದ್ದು ಎಲ್ಲವೂ ಹಾರಿ ಬೀಳುವ ಮಿಡತೆಗಾಗಿ ನುಗ್ಗುತ್ತಿರುತ್ತವೆ.

ಕರಿಬೇವಿನ ಗಿಡದ ಮುಂದೆ ಹತ್ತು ನಿಮಿಷ

ಹಕ್ಕಿ ಸಿಗದ ನಡುಹಗಲಿಗೆ ಕರಿಬೇವಿನ ಗಿಡವಿದೆ. ಚಿಗುರೆಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಬಿಳಿ ಕಂದು ಕಲೆ ಕಂಡರೆ ಒರೆಸಬೇಡಿ, ಬಗ್ಗಿ ನೋಡಿ. ಅದು ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳುವಿರಬಹುದು. ತಿನ್ನಲು ಯೋಗ್ಯವಲ್ಲದ ವಸ್ತುವಿನಂತೆ ಕಂಡು ಹಕ್ಕಿಯಿಂದ ಬಚಾವಾಗುವ ಉಪಾಯ ಅದು. ಪೊರೆ ಬಿಡುತ್ತ ದೊಡ್ಡದಾದಂತೆ ಹಿಕ್ಕೆಯ ವೇಷ ಹೋಗಿ ಎಲೆಹಸಿರು ಬಣ್ಣ ಬರುತ್ತದೆ, ಹೆಗಲಿನ ಬಳಿ ಕಣ್ಣಿನಂಥ ಮಚ್ಚೆ ಮೂಡುತ್ತದೆ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೋಡು ಹೊರಚಾಚಿ ಘಾಟು ವಾಸನೆ ಬೀರುತ್ತದೆ. ಒಂದು ಸಲ ಸಾಕು, ಮತ್ತೆ ಮತ್ತೆ ಕೆಣಕಿದರೆ ಅದರ ಶಕ್ತಿ ವ್ಯರ್ಥ. ಒಗ್ಗರಣೆಗೆ ಸೊಪ್ಪು ಕೀಳುವವರೊಡನೆ ಒಂದು ಒಪ್ಪಂದ ಮಾಡಿಕೊಂಡು ಎರಡು ರೆಂಬೆ ಹುಳುವಿಗೆ ಬಿಡಿಸಿ, ಕೋಶವಾಗುವವರೆಗೂ ದಿನಾ ನೋಡಬಹುದು.

ಕೇಪಳ, ದಾಸವಾಳ, ರಥಪುಷ್ಪ ಇರುವ ಹಿತ್ತಿಲಿಗೆ ಚಿಟ್ಟೆಯೂ ಸೂರಕ್ಕಿಯೂ ಕರೆಯದೆ ಬರುತ್ತವೆ. ಒಣಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಎನ್ನುವ ಕ್ರೊಟಲೇರಿಯಾ ಗಿಡ ಬೇಲಿಯಲ್ಲಿದ್ದರೆ ಕೀಳಬೇಡಿ, ಟೈಗರ್ ಮತ್ತು ಕ್ರೋ ಬಳಗದ ಚಿಟ್ಟೆಗಳು ಅದರ ಬಾಡಿದ ಎಲೆಗೆ ಗುಂಪುಗುಂಪಾಗಿ ಮುತ್ತುತ್ತವೆ. ಮಾವು ಚಿಕ್ಕುಗಳ ಮೇಲಿನ ಬದನಿಕೆಯನ್ನು ಒಂದು ಮರದಲ್ಲಾದರೂ ಉಳಿಸಿ. ಹೆಬ್ಬೆರಳಷ್ಟು ಗಾತ್ರದ ಬದನಿಕೆ ಹಕ್ಕಿಗೆ ಅದೇ ಊಟ, ಅದರ ಬೀಜ ಹರಡುವುದೂ ಆ ಹಕ್ಕಿಯೇ.

ಮಳೆ ನಿಂತ ಮೇಲೆ ಬಲೆಗಳ ಕಾಲ. ಬಲೆಯ ನಡುವೆ ಬಿಳಿ ಗುಣಾಕಾರ ಚಿಹ್ನೆ ಹೆಣೆದು ಅದರ ಮೇಲೆಯೇ ಕಾಲು ಚಾಚಿ ಕೂರುವ ಸಿಗ್ನೇಚರ್ ಜೇಡ, ಎರಡು ಮರಗಳ ನಡುವೆ ಬಿಸಿಲಿಗೆ ಹೊಂಬಣ್ಣ ಹೊಳೆಯುವ ಬಲೆ ಕಟ್ಟುವ ದೈತ್ಯ ಜೇಡ, ಇವೆರಡೂ ಈಗ ದೊಡ್ಡ ಗಾತ್ರಕ್ಕೆ ಬಂದಿರುತ್ತವೆ. ಬಲೆಯ ಮೂಲೆಯಲ್ಲಿ ಇನ್ನೊಂದು ಪುಟ್ಟ ಜೇಡ ಕಂಡರೆ ಮರಿಯೆಂದುಕೊಳ್ಳಬೇಡಿ, ಅದು ಗಂಡಿರಬಹುದು. ಗಂಡಿನ ಗಾತ್ರವೇ ಅಷ್ಟು. ಮಾವಿನ ಎಲೆ ಅಂಟಿಸಿ ಗೂಡು ಕಟ್ಟುವ ಚಗಳಿಗಳು ಅಂಟಿಗೆ ತಮ್ಮ ಮರಿಹುಳುಗಳ ರೇಷ್ಮೆಯನ್ನೇ ಬಳಸುತ್ತವೆ. ಅದನ್ನು ನೋಡಲು ಹತ್ತಿರ ಹೋಗುವವರು ಕಾಲ ಕೆಳಗೂ ನೋಡಿಕೊಳ್ಳಲಿ.

ಗದ್ದೆ ಬಯ್ಲಿನ ಮೇಲೆ ಸಂಜೆ ನೂರಾರು ಏರೋಪ್ಲೇನ್ ಚಿಟ್ಟೆಗಳು ಒಟ್ಟಿಗೆ ಹಾರುತ್ತಿದ್ದರೆ ಆಕಾಶಕ್ಕೂ ಕಣ್ಣು ಹಾಕಿ. ಅವುಗಳಲ್ಲಿ ಪ್ಯಾಂಟಾಲ ಎಂಬ ಜಾತಿ ಅರಬ್ಬೀ ಸಮುದ್ರ ದಾಟಿ ಆಫ್ರಿಕಾ ಕಡೆ ಹೋಗುತ್ತದೆಂದು ತಜ್ಞರು ನಂಬುತ್ತಾರೆ. ಅದೇ ದಾರಿಯಲ್ಲಿ ನವೆಂಬರಿನಲ್ಲಿ ಅಮುರ್ ಚಾಣಗಳೂ ಸಾಗುತ್ತವೆ. 2013ರಲ್ಲಿ ನಾಗಾಲ್ಯಾಂಡಿನಲ್ಲಿ ಮೂರು ಚಾಣಗಳಿಗೆ ಉಪಗ್ರಹ ಟ್ಯಾಗ್ ಕಟ್ಟಿದ ಮೇಲೆ, ಅವು ಭಾರತವನ್ನು ಅಡ್ಡ ಹಾಯ್ದು ಕಡಲು ದಾಟುವ ದಾರಿ ಸ್ಪಷ್ಟವಾಗಿ ತಿಳಿಯಿತು. ಕರಾವಳಿಯಲ್ಲಿ ಅವು ಕಾಣುವುದು ಅದೃಷ್ಟದ ಮಾತು.

ಹಿತ್ತಿಲಿನಲ್ಲಿ ಮಾಡಬೇಕಾದದ್ದು ಕಡಿಮೆ, ಬಿಡಬೇಕಾದದ್ದು ಹೆಚ್ಚು

ದಸರೆ ದೀಪಾವಳಿಗೆಂದು ಅಂಗಳ ಗುಡಿಸುವವರನ್ನು ತಡೆಯಲಾಗದು. ಮನೆಯ ಹಿಂದಿನ ಒಂದು ಮೂಲೆಯ ತರಗೆಲೆಯನ್ನು ಮಾತ್ರ ಸುಡದೆ ಬಿಡುವಂತೆ ಕೇಳಿಕೊಳ್ಳಿ. ನವರಂಗ ಇಳಿಯುವುದು ಅಲ್ಲಿಗೇ. ಆ ಮೂಲೆಗೆ ಹಾವೂ ಬರುತ್ತದೆ, ಆದ್ದರಿಂದ ಬರಿಗಾಲಲ್ಲಿ ಹೋಗಬೇಡಿ, ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಬೇಡವೇ ಬೇಡ.

ಅಕ್ಟೋಬರಿನಿಂದ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ಆಳ ಎರಡು ಬೆರಳು, ನಡುವೆ ಒಂದು ಒರಟು ಕಲ್ಲು, ದಿನಾ ಹೊಸ ನೀರು. ಹಳೆ ನೀರು ನಿಂತರೆ ಸೊಳ್ಳೆ. ಪೊದೆಯಿಂದ ಎರಡು ಮೂರು ಮೀಟರ್ ದೂರದಲ್ಲಿ, ಬೆಕ್ಕು ಹೊಂಚು ಹಾಕಲಾಗದ ತೆರೆದ ಜಾಗದಲ್ಲಿಡಿ. ಕಾಳು ಹಾಕುವುದನ್ನು ನಾನು ಸಲಹೆ ಮಾಡುವುದಿಲ್ಲ. ಕಾಳಿಗೆ ಬರುವುದು ಪಾರಿವಾಳ ಮತ್ತು ಇಲಿ, ನಾವು ಕಾಯುವ ಹಕ್ಕಿಗಳಿಗೆ ಬೇಕಿರುವುದು ಹುಳು.

ಬರೆದಿಡುವುದು

ದಿನಾಂಕ, ತಿಥಿ, ಉಬ್ಬರದ ಸಮಯ, ಗಾಳಿ ಮಳೆ, ಯಾವ ಹಕ್ಕಿ, ಸುಮಾರು ಎಷ್ಟು. ಗುಂಪು ಎಣಿಸುವಾಗ ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆ ಎಂದು ಮೊದಲು ನೋಡಿ, ಅಂಥ ಎಷ್ಟು ತುಂಡುಗಳಿವೆ ಎಂದು ಅಳೆಯಿರಿ. ಪ್ರತಿ ಜಾತಿಗೂ 'ಮೊದಲು ಕಂಡ ದಿನ' ಎಂದು ಒಂದು ಕಲಂ ಇರಲಿ. ಕಾಣದೆ ಹೋದದ್ದನ್ನೂ ಬರೆಯಿರಿ. ಕಳೆದ ವಾರ ಇದ್ದ ಚಾತಕ ಈ ವಾರ ಇಲ್ಲವೆಂದರೆ ಅದು ಆಫ್ರಿಕಾಕ್ಕೆ ಹೊರಟಿರಬಹುದು. ಹಕ್ಕಿ ನೋಡುವವರು ತಮ್ಮ ಲೆಕ್ಕ ಹಂಚಿಕೊಳ್ಳುವ ಇ-ಬರ್ಡ್ ಜಾಲತಾಣದಲ್ಲಿ ಪಟ್ಟಿ ಸೇರಿಸಿದರೆ ನಿಮ್ಮ ಅಳಿವೆಯ ಲೆಕ್ಕ ಬೇರೆಯವರಿಗೂ ಸಿಗುತ್ತದೆ. ದನಿ ಕೇಳಿ ಹೆಸರು ಹೇಳುವ ಮರ್ಲಿನ್‌ನಂಥ ಆ್ಯಪ್‌ಗಳು ಒಳ್ಳೆಯ ಸಹಾಯಕರು. ಆದರೆ ಹಕ್ಕಿಯನ್ನು ನೋಡದೆ ಅವು ಹೇಳಿದ ಹೆಸರನ್ನೇ ಪಟ್ಟಿಗೆ ಸೇರಿಸಬೇಡಿ. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಹೊರಗೆ ಕರೆಯುವುದಂತೂ ಕೂಡದು.

ದೂರ ಮತ್ತು ಆಪತ್ತು

ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗೆ ಉಬ್ಬರದ ಹೊತ್ತಿನ ನಿದ್ದೆ ಊಟದಷ್ಟೇ ಮುಖ್ಯ. ದಿಣ್ಣೆಯ ಮೇಲಿನ ಗುಂಪಿನಲ್ಲಿ ಕೊಕ್ಕುಗಳು ರೆಕ್ಕೆಯೊಳಗಿನಿಂದ ಹೊರಬಂದವು, ಕುತ್ತಿಗೆಗಳು ಎದ್ದವು, ಕೆಲವು ನಡೆಯತೊಡಗಿದವು ಎಂದರೆ ನೀವು ಹೆಚ್ಚು ಹತ್ತಿರ ಬಂದಿದ್ದೀರಿ. ಅಲ್ಲೇ ಕುಳಿತುಕೊಳ್ಳಿ ಅಥವಾ ಹಿಂದೆ ಸರಿಯಿರಿ. ನಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ರಾತ್ರಿ ದೀಪಕ್ಕೆ ಗೊಂದಲಗೊಂಡು ಅಥವಾ ಗಾಜಿಗೆ ಬಡಿದು ನವರಂಗ ಮನೆಯೊಳಗೆ, ಜಗಲಿಯಲ್ಲಿ ಬಿದ್ದಿರುವುದು ಅಕ್ಟೋಬರಿನಲ್ಲಿ ಸಾಮಾನ್ಯ. ಗಾಬರಿಯಲ್ಲಿ ಬಾಯಿಗೆ ನೀರು ಹೊಯ್ಯಬೇಡಿ, ಅದು ಶ್ವಾಸಕ್ಕೆ ಹೋಗುತ್ತದೆ. ಅನ್ನ ಬಿಸ್ಕತ್ತು ತಿನ್ನಿಸಬೇಡಿ, ಫೋಟೋಕ್ಕಾಗಿ ಕೈಯಿಂದ ಕೈಗೆ ದಾಟಿಸಬೇಡಿ. ಗಾಳಿಯಾಡುವಂತೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ಬಟ್ಟೆ ಹಾಸಿ, ಹಕ್ಕಿಯನ್ನಿಟ್ಟು ಮುಚ್ಚಿ, ಸದ್ದಿಲ್ಲದ ಕೋಣೆಯಲ್ಲಿ ಒಂದೆರಡು ಗಂಟೆ ಬಿಡಿ. ಹಗಲಾಗಿದ್ದು, ಪೆಟ್ಟಿಗೆಯೊಳಗೆ ಅದು ಚುರುಕಾಗಿ ಓಡಾಡುವ ಸದ್ದು ಕೇಳಿದರೆ ತೋಟದ ನೆರಳಿನಲ್ಲಿ ಮುಚ್ಚಳ ತೆರೆದು ದೂರ ನಿಲ್ಲಿ. ರೆಕ್ಕೆ ಜೋತಿದ್ದರೆ, ರಕ್ತ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಪಂಜರದಲ್ಲಿಟ್ಟು ಸಾಕುವ ಯೋಚನೆ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.